ಆಂಟಿಯ ಮೆಟ್ಟಿಲಿಲ್ಲದ ಬೇಸ್

ಹೋದ ಶನಿವಾರ ಗರಾಜು ಖಾಲಿ ಮಾಡುತ್ತಿದ್ದಾಗ ಒಂದು ಮೊಸರಿನ ಡಬ್ಬಿ ಸಿಕ್ಕಿತು. ನಮ್ಮವರ ಮನೆಗಳಲ್ಲಿ ಮೊಸರಿನ ಡಬ್ಬಿಯೊಳಗೆ ಮೊಸರು ಇರುವುದು ಅಪರೂಪ. ಸಾರಿನ ಪುಡಿ ಇರುತ್ತದೆ, ನಿನ್ನೆಯ ಪಲ್ಯ ಇರುತ್ತದೆ, ಗುಂಡಿ ದಾರ ಇರುತ್ತದೆ. ಇದರಲ್ಲಿ ಗೇಣುದ್ದದ ವೈರುಗಳಿದ್ದವು, ಗಿಟಾರಿನ ಪೆಡಲುಗಳನ್ನು ಒಂದಕ್ಕೊಂದು ಸೇರಿಸುವಂಥವು. ಮುಚ್ಚಳ ತೆಗೆದದ್ದೇ ತಡ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಮೂಗಿಗೆ ಬಡಿಯಿತು. ಬೆಳ್ಳುಳ್ಳಿ, ಒಣಖಾರ, ಹುರಿದ ಶೇಂಗಾ... ವೈರು ತುಂಬುವ ಮೊದಲು ಸೋಪು ಹಾಕಿ ತಿಕ್ಕಿ ತೊಳೆದಿದ್ದೆ. ಪಕ್ಕದ ಮನೆ ಆಂಟಿಯ ಹಿಂಡಿ ಸೋಪಿಗೆಲ್ಲ ಬಗ್ಗುವಂಥದ್ದಲ್ಲ. ಅಲ್ಲೇ ತಣ್ಣನೆ ನೆಲದ ಮೇಲೆ ಕೂತುಬಿಟ್ಟೆ. ಹೊರಗೆ ಹೊತ್ತು ಮುಳುಗುತ್ತಿತ್ತು. ಆ ಹೊತ್ತೆಂದರೆ ನನಗೆ ಇವತ್ತಿಗೂ ಎದೆ ಡವಡವ ಅನ್ನುತ್ತದೆ.

ಅಮೆರಿಕದ ಪೂರ್ವ ಕರಾವಳಿಯ ಮನ್ರೋದಲ್ಲಿ ನನ್ನದು ಟೌನ್‌ಹೌಸು. ಆಂಟಿಯ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಈ ದೇಶದ ಗೋಡೆ ಅಂದರೆ ಗೊತ್ತಲ್ಲ, ಆಚೆಯವರು ಸೀನಿದರೆ ಈಚೆಯವರು ಚಿರಂಜೀವಿ ಅನ್ನಬೇಕು, ಅಂಥದ್ದು. ನಾನು ಬಂದ ಹೊಸದರಲ್ಲಿ ಪ್ರತಿ ಸಂಜೆ ಆ ಗೋಡೆಯಿಂದ ಬೇಸ್ ಗಿಟಾರಿನ ತಗ್ಗಿದ, ದಪ್ಪ ದನಿ ಬರುತ್ತಿತ್ತು. ನಾನೂ ಆಫೀಸಿನ ಗೆಳೆಯರ ಜೊತೆ ವೀಕೆಂಡಿನಲ್ಲಿ ಬೇಸ್ ನುಡಿಸುವವಳೇ. ಹಾಗಾಗಿ ಕೇಳಿದ ಕೂಡಲೇ ಗೊತ್ತಾಯಿತು, ಇದು ಫ್ರೆಟ್‌ಲೆಸ್. ನಮ್ಮಂಥವರ ಬೇಸಿನ ಕತ್ತಿನ ಮೇಲೆ ವೀಣೆಗಿದ್ದ ಹಾಗೆ ಲೋಹದ ಮೆಟ್ಟಿಲುಗಳಿರುತ್ತವೆ. ಬೆರಳು ಸ್ವಲ್ಪ ಆಚೀಚೆ ಬಿದ್ದರೂ ಮೆಟ್ಟಿಲು ಮಾನ ಕಾಪಾಡುತ್ತದೆ. ಫ್ರೆಟ್‌ಲೆಸ್‌ಗೆ ಆ ಮೆಟ್ಟಿಲುಗಳೇ ಇಲ್ಲ. ಸ್ವರ ಎಲ್ಲಿದೆ ಎಂದು ಬೆರಳೇ ಹುಡುಕಿಕೊಳ್ಳಬೇಕು. ಸಿಕ್ಕಿತೋ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಯಾರೋ ಬಾಯಿ ತೆರೆದು 'ಮ್ವಾ' ಅಂದಂತೆ ಕೇಳುತ್ತದೆ.

ಯಾರೋ ಜುಟ್ಟು ಬಿಟ್ಟ ಜಾಝ್ ಹುಡುಗ ಇರಬೇಕು ಎಂದುಕೊಂಡು ಒಂದು ದಿನ ಬೆಲ್ ಒತ್ತಿದರೆ, ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡ ಆಂಟಿ ಬಾಗಿಲು ತೆರೆದರು. ನುಡಿಸುವವರು ಯಾರು ಎಂದು ಕೇಳಿದ್ದಕ್ಕೆ, ‘ನಾನವಾ, ಯಾಕ, ನಿದ್ದಿ ಕೆಡ್ತೇನು?’ ಎಂದು ನಕ್ಕರು. ಸಣ್ಣವರಿದ್ದಾಗ ಧಾರವಾಡದಲ್ಲಿ ಪಿಟೀಲು ಕಲಿತಿದ್ದರಂತೆ. ವಯಸ್ಸಾದ ಮೇಲೆ ಭುಜ ಪಿಟೀಲು ಹೊರಲಾರೆ ಎಂದಿತು, ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತೊಡೆಯ ಮೇಲಿಟ್ಟುಕೊಂಡರು. ‘ಪಿಟೀಲು ಕಲ್ತ ಕೈಗೆ ಮೆಟ್ಲು ಯಾತಕ್ಕವಾ?’ ಅಂದರು. ಅವತ್ತೇ ನನ್ನ ಕೈಗೆ ಆ ಡಬ್ಬಿ ಬಂತು, ತುಂಬ ಶೇಂಗಾ ಹಿಂಡಿ.

ಅವರ ಗಂಡ, ಅಂದರೆ ಅಂಕಲ್, ರಿಟೈರಾದ ಎಂಜಿನಿಯರು. ನೆನಪು ಸವೆಯುತ್ತ ಬಂದಿತ್ತು. ಹಗಲೆಲ್ಲ ಚೆನ್ನಾಗಿಯೇ ಇರುತ್ತಿದ್ದರು. ನಾನು ಯಾರೆಂದು ಗೊತ್ತಿರದಿದ್ದರೂ ‘ಆರಾಮೇನವಾ?’ ಎಂದು ನಗುತ್ತಿದ್ದರು. ಹೊತ್ತು ಮುಳುಗಿತೋ, ಮನುಷ್ಯನೇ ಬೇರೆ. ವರ್ಷಗಟ್ಟಲೆ ಬಾಳಿದ ಮನೆ ಯಾರದೋ ಮನೆಯಾಗಿಬಿಡುತ್ತಿತ್ತು. ತಾವು ಕಳ್ಳರ ಹಾಗೆ ಒಳಗೆ ನುಗ್ಗಿದ್ದೇವೆ, ಮನೆಯವರು ಇನ್ನೇನು ಬಂದು ಹಿಡಿಯುತ್ತಾರೆ ಎಂಬ ಹೆದರಿಕೆ. ‘ಮನಿಯವರು ಬರೂದ್ರೊಳಗ ಹೋಗೂಣು, ನಡಿ, ನಡಿ’ ಎಂದು ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ಸೋಫಾಕ್ಕೆ ನಡೆಯುತ್ತಿದ್ದರು. ಡಾಕ್ಟರು ಇದಕ್ಕೇನೋ ಇಂಗ್ಲಿಷ್ ಹೆಸರು ಹೇಳಿದ್ದರಂತೆ. ಆಂಟಿ ‘ಸಂಜಿ ಅಂಜಿಕಿ’ ಅನ್ನುತ್ತಿದ್ದರು.

ಆ ಅಂಜಿಕೆಗೆ ಆಂಟಿ ಕಂಡುಕೊಂಡ ಮದ್ದೇ ಬೇಸ್. ಊಟದ ಕೋಣೆಯಲ್ಲಿ ಕೂತು, ಬಾಗಿಲ ಸಂದಿಯಿಂದ ಅವರ ಪಾದಗಳನ್ನೇ ನೋಡುತ್ತ ನುಡಿಸುತ್ತಿದ್ದರು. ಅವರ ಒಂದು ಹೆಜ್ಜೆಗೆ ಇವರ ಒಂದು ಸ್ವರ. ಅವರು ಬೇಗ ನಡೆದರೆ ಇವರೂ ಬೇಗ. ಹೀಗೆ ಹೆಜ್ಜೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹೋಗಿ, ಆಮೇಲೆ ಇವರು ಗೊತ್ತಾಗದ ಹಾಗೆ ಒಂಚೂರು ಹಿಂದೆ ಬೀಳುತ್ತಿದ್ದರು. ಅಂಕಲ್ ಹರೆಯದಲ್ಲಿ ಹಾಡು ಕಲಿತವರು, ಕಿವಿ ಬಹಳ ಚುರುಕು. ಕಾಲು ತಾನಾಗಿಯೇ ಸ್ವರಕ್ಕೆ ಕಾಯುತ್ತಿತ್ತು. ಆಂಟಿ ಇನ್ನೊಂದು ಚೂರು ನಿಧಾನ, ಅವರೂ ನಿಧಾನ... ಕೊನೆಗೆ ಅವರು ಸೋಫಾದಲ್ಲಿ ಕೂತು ಉಸಿರು ಬಿಡುತ್ತಿದ್ದರು. ಮದುವೆಯಾಗಿ ಅಷ್ಟು ಕಾಲ ಬಾಳಿದವರು ಇಷ್ಟೊಂದು ಗಮನವಿಟ್ಟು ಒಬ್ಬರ ಕಾಲನ್ನು ಇನ್ನೊಬ್ಬರು ನೋಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನವರಿಯ ಒಂದು ಸಂಜೆ ಬೇಸ್ ಕೇಳಿಸಲಿಲ್ಲ. ಹೆಜ್ಜೆ ಮಾತ್ರ ಕೇಳಿಸಿತು. ಮರುದಿನವೂ ಅಷ್ಟೇ. ಹೆಜ್ಜೆ ಜೋರಾಯಿತು, ಏನೋ ಬಿದ್ದ ಸದ್ದು, ಆಮೇಲೆ ಆಂಟಿಯ ತಗ್ಗಿದ ದನಿ. ನಾನು ಮೊದಲೇ ಪುಕ್ಕಲು. ಟಿವಿಯ ದನಿ ಏರಿಸಿ ಮುದುರಿ ಕೂತೆ. ಆಗ ನನ್ನ ಮುಂಬಾಗಿಲ ಹಿಡಿ ಅಲ್ಲಾಡತೊಡಗಿತು. ಯಾರೋ ಹೊರಗಿನಿಂದ ತಿರುಗಿಸುತ್ತಿದ್ದರು, ನಿಲ್ಲಿಸುತ್ತಿದ್ದರು, ಮತ್ತೆ ತಿರುಗಿಸುತ್ತಿದ್ದರು. ಪೊಲೀಸರಿಗೆಂದು 911 ಒತ್ತಲು ಫೋನು ಕೈಗೆತ್ತಿಕೊಂಡೆ. ಕಿಟಕಿಯಿಂದ ಇಣುಕಿದರೆ ಅಂಕಲ್! ಆ ಚಳಿಯಲ್ಲಿ ಬರೀ ಸಾಕ್ಸಿನಲ್ಲಿ ನಿಂತಿದ್ದರು. ಆ ಕಣ್ಣು... ದೇವರೇ, ನನಗಿಂತ ಹತ್ತು ಪಾಲು ಅವರು ಹೆದರಿದ್ದರು. ಹಿಂದಿನಿಂದ ಆಂಟಿ ಓಡಿಬಂದರು. ಎಡಗೈಗೆ ಮೊಣಕೈತನಕ ಪ್ಲಾಸ್ಟರ್, ಅದನ್ನು ಒಂದು ವೇಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು.

‘ಡ್ರೈವ್‌ವೇದಾಗ ಐಸ್ ಮ್ಯಾಲ ಜಾರಿ ಬಿದ್ದೆವಾ,’ ಎಂದು, ನಾನು ಕೇಳುವ ಮೊದಲೇ ಹೇಳಿದರು. ಆ ವಾರವೆಲ್ಲ ಮಳೆ ಹೊಡೆದಿತ್ತು. ಐಸ್ ಎಲ್ಲಿಂದ ಬರಬೇಕು ಎಂದು ಮನಸ್ಸಿಗೆ ಬಂತು.

ಮರುದಿನ ಅಂಕಲ್ ಮಧ್ಯಾಹ್ನದ ನಿದ್ದೆಗೆ ಬಿದ್ದಾಗ ಆಂಟಿ ಬಂದು ನನ್ನ ಅಡುಗೆಮನೆಯಲ್ಲಿ ಕೂತರು. ಫೆಬ್ರವರಿಯ ಲಾಂಗ್ ವೀಕೆಂಡಿಗೆ ಟೆಕ್ಸಸ್‌ನಿಂದ ಮಗಳು ಬರುವವಳಿದ್ದಳು. ತನ್ನ ಮನೆಯ ಹತ್ತಿರ ಒಂದು ಮೆಮೊರಿ ಕೇರ್ ನೋಡಿಟ್ಟಿದ್ದಳು, ನೆನಪು ಹೋದವರನ್ನು ಬೀಗದ ಬಾಗಿಲ ಹಿಂದೆ ನೋಡಿಕೊಳ್ಳುವ ಜಾಗ. ಈ ಸಲ ಬಂದು, ಸಂಜೆ ಅಪ್ಪ ಹೇಗಿರುತ್ತಾರೆ ಎಂದು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇನೆ ಎಂದಿದ್ದಳಂತೆ.

‘ಆಕಿ ಮುಂದ ಒಂದು ಸಂಜಿ ನೆಟ್ಟಗ ಕಳದ್ರ ಸಾಕು,’ ಅಂದರು ಆಂಟಿ. ‘ಇಲ್ಲಂದ್ರ ಇವರನ್ನ ಕರ್ಕೊಂಡು ಹೊಕ್ಕಾಳ. ಇವರನ್ನ ಬಿಟ್ಟು ನಾ ಹೆಂಗಿರ್ಲವಾ? ಈ ಪ್ಲಾಸ್ಟರ್ ಬಿಚ್ಚೂತನಕ ನೀ ನುಡಸ್ತಿ?’

ಮೊದಲು ನುಡಿಸಿ ರೆಕಾರ್ಡ್ ಮಾಡಿಟ್ಟಿದ್ದನ್ನು ಫೋನಿನಲ್ಲಿ ಹಾಕಿ ನೋಡಿಯೂ ಆಗಿತ್ತಂತೆ. ಫೋನು ತನ್ನ ಪಾಡಿಗೆ ತಾನು ಹೋಗುತ್ತದೆ, ಹೆಜ್ಜೆಗೆ ಕಾಯುವುದಿಲ್ಲ; ಅಂಕಲ್ ಅದನ್ನು ದಾಟಿಕೊಂಡು ಬಾಗಿಲಿಗೆ ಹೋಗಿಬಿಟ್ಟರಂತೆ. ನುಡಿಸಲು ಮನುಷ್ಯರೇ ಬೇಕಿತ್ತು. ನಾನು ಹೂಂ ಅಂದೆ.

ಮೊದಲ ಸಂಜೆ ಆಂಟಿಯ ಬೇಸನ್ನೇ ತೊಡೆಯ ಮೇಲಿಟ್ಟುಕೊಂಡೆ. ಮೆಟ್ಟಿಲು ಹಿಡಿದು ನಡೆದು ಅಭ್ಯಾಸವಾದ ಬೆರಳನ್ನು ಬಯಲಲ್ಲಿ ಬಿಟ್ಟಂತಾಯಿತು. ಪ್ರತಿ ಸ್ವರವೂ ಕೂದಲೆಳೆಯಷ್ಟು ತಪ್ಪು. ಅಂಕಲ್ ಕಿವಿ ಮುಚ್ಚಿಕೊಂಡು ‘ಯಾರದು? ಒಳಗ ಯಾರದಾರ?’ ಎಂದು ಕೂಗತೊಡಗಿದರು. ಓಡಿಹೋಗಿ ನನ್ನ ಬೇಸ್ ತಂದೆ. ಈಗ ಸ್ವರವೇನೋ ಸರಿ. ಆದರೆ ಮೆಟ್ಟಿಲಿಗೆ ತಂತಿ ತಾಗಿ ಪ್ರತಿ ಸ್ವರಕ್ಕೂ ಮೊದಲು ‘ಟಕ್’ ಎಂಬ ಒಂದು ಪೆಟ್ಟು. ಅವರಿಗೆ ಸ್ವರ ಕೇಳಲೇ ಇಲ್ಲ, ಪೆಟ್ಟು ಮಾತ್ರ ಕೇಳಿತು. ‘ಬಂದ್ರು! ಮನಿಯವರು ಬಂದ್ರು! ಬಾಗಲಾ ಬಡ್ಯಾಕತ್ತಾರ!’ ಎಂದು ಸೋಫಾದ ಹಿಂದೆ ಅಡಗಿ ಕೂತರು, ಅಷ್ಟೆತ್ತರದ ಮನುಷ್ಯ.

ಹೀಗೆ ಶುರುವಾಯಿತು, ನನ್ನ ಬೇಸಿನಿಂದ ಆಂಟಿಯ ಬೇಸಿನ ದನಿ ಹೊರಡಿಸುವ ಪೆಡಲುಗಳ ಸರ್ಕಸ್ಸು. ಅಂಗೈ ಅಗಲದ ಆ ಪೆಟ್ಟಿಗೆಗಳನ್ನು ಬೇಸಿಗೂ ಸ್ಪೀಕರಿಗೂ ನಡುವೆ ಸಾಲಾಗಿ ಜೋಡಿಸಿದೆ. ಒಂದು ಪೆಡಲು ಸ್ವರದ ತಲೆಯ ಪೆಟ್ಟನ್ನು ಕತ್ತರಿಸಿ ದನಿ ಮೆಲ್ಲಗೆ ಏರುವಂತೆ ಮಾಡುತ್ತದೆ. ಒಂದು ಆ ದನಿಯನ್ನು ಬೀಳದಂತೆ ಉದ್ದಕ್ಕೆ ಹಿಡಿಯುತ್ತದೆ. ಇನ್ನೊಂದು ಫಿಲ್ಟರ್, ಬಾಯಿ ತೆರೆದು ಮುಚ್ಚಿದಂತೆ ಮಾಡುವುದು ಅದರ ಕೆಲಸ. ಕೊನೆಯದನ್ನು ಪಾದದಿಂದ ಒತ್ತಿದರೆ ಸ್ವರ ಜಾರುತ್ತದೆ. ಆಂಟಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ‘ಇಷ್ಟೂ ಡಬ್ಬಿ ಕೂಡಿ ನನ್ನ ಒಂದು ಬೆರಳಿನ ಕೆಲಸ ಮಾಡ್ತಾವೇನು?’ ಎಂದರು. ನಾನು ಒಂದು ಸ್ವರ ನುಡಿಸಿದೆ. ಆಂಟಿ ಸ್ವಲ್ಪ ಯೋಚಿಸಿ, ‘ಎಮ್ಮಿ ಒದರಿದಂಗಾತು,’ ಅಂದರು. ಕೈ ಮುರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಆ ಎಮ್ಮೆಯನ್ನು ಪಳಗಿಸುತ್ತೇನೆಂದು ಹೋಗಿ ನಾನು ಫಿಲ್ಟರನ್ನು ಜಾಸ್ತಿ ತೆರೆದದ್ದೇ ಅನಾಹುತವಾಯಿತು. ನನ್ನ ಕಿವಿಗೆ ಸೊಗಸಾಗಿತ್ತು, ಥೇಟು ಫ್ರೆಟ್‌ಲೆಸ್. ಸಂಜೆ ನಾಲ್ಕು ಸ್ವರ ನುಡಿಸಿದ್ದೆನೋ ಇಲ್ಲವೋ, ಅಂಕಲ್ ನಡೆಯುವುದನ್ನು ನಿಲ್ಲಿಸಿದರು. ಗೋಡೆಗೆ ಕಿವಿಯಿಟ್ಟರು. ‘ಕೂಸು ಅಳಾಕತ್ತೈತಿ,’ ಎಂದರು ಪಿಸುದನಿಯಲ್ಲಿ. ‘ಗ್ವಾಡ್ಯಾಗ ಯಾರದೋ ಕೂಸು ಐತಿ.’ ಒಂದು ಕ್ಷಣ ನನಗೂ ಹಾಗೇ ಕೇಳಿಸಿತು, ಸುಳ್ಳು ಯಾಕೆ ಹೇಳಲಿ. ಅವರು ಬಾಗಿಲಿಗೆ ನುಗ್ಗಿದರು. ಆಂಟಿ ಮುಂಚೆಯೇ ಅಲ್ಲಿದ್ದರು. ಬೆನ್ನನ್ನು ಬಾಗಿಲಿಗೆ ಒತ್ತಿ, ಪ್ಲಾಸ್ಟರಿನ ಕೈಯನ್ನು ಸ್ವೆಟರಿನೊಳಗೆ ಸೇರಿಸಿಬಿಟ್ಟಿದ್ದರು. ತಿಂಗಳುಗಟ್ಟಲೆ ರೂಢಿಯಿದ್ದವರ ಹಾಗೆ ನಿಂತಿದ್ದರು. ನಾನು ಎದ್ದು ಬಂದು ಅಂಕಲ್‌ನ ಬಲಗೈ ಹಿಡಿಯಲು ಹೋದೆ.

‘ಕೈ ಹಿಡೀಬ್ಯಾಡ! ತಿರುವತಾರ!’ ಎಂದು ಆಂಟಿ ಚೀರಿದರು.

ಅಂಕಲ್ ಸುಸ್ತಾಗಿ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತ ಮೇಲೆ, ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತೆವು. ‘ಐಸ್ ಅಲ್ಲ ಅಲ್ವಾ ಆಂಟಿ?’ ಎಂದೆ.

ಆಂಟಿ ನಲ್ಲಿ ಬಿಟ್ಟು ಒಂದು ಲೋಟ ತೊಳೆದರು. ಅದು ಮೊದಲೇ ತೊಳೆದಿಟ್ಟ ಲೋಟ. ‘ಕೈ ತಿರುವಿದ್ದು ಅಂಜಿಕಿ ನೋಡವಾ. ಇವರಲ್ಲ.’

ನನಗೆ ಹೆದರಿಕೆಗಿಂತ ಸಿಟ್ಟು ಬಂತು. ‘ಇವತ್ತು ಕೈ, ನಾಳೆ ಕುತ್ತಿಗೆ ಆದ್ರೆ? ಮಗಳಿಗೆ ಫೋನ್ ಮಾಡಿ ಹೇಳಿ ಆಂಟಿ. ಇಲ್ಲಾಂದ್ರೆ ನಾನು ನಾಳೆಯಿಂದ ಬರಲ್ಲ,’ ಎಂದು ಬೇಸು ಎತ್ತಿಕೊಂಡು ಬಂದುಬಿಟ್ಟೆ. ಮರುದಿನ ಹೊತ್ತು ಮುಳುಗಿತು. ಗೋಡೆಯ ಆಚೆ ಹೆಜ್ಜೆ ಶುರುವಾಯಿತು, ಸೋಫಾದಿಂದ ಬಾಗಿಲಿಗೆ, ಬಾಗಿಲಿಂದ ಸೋಫಾಕ್ಕೆ. ಕಿವಿಗೆ ದಿಂಬು ಒತ್ತಿಕೊಂಡೆ. ಆಂಟಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ ಎಂದು ದಿಂಬಿನೊಳಗೂ ಗೊತ್ತಾಗುತ್ತಿತ್ತಲ್ಲ... ನನ್ನ ಪೌರುಷ ಅಷ್ಟೇ. ಬೇಸು ಹೊತ್ತುಕೊಂಡು ವಾಪಸ್ ಹೋದೆ. ಆಂಟಿ ಪಕ್ಕಕ್ಕೆ ಸರಿದು ಒಳಗೆ ಬಿಟ್ಟುಕೊಂಡರು.

ಅವತ್ತು ಫಿಲ್ಟರನ್ನು ಹೆಚ್ಚುಕಡಿಮೆ ಮುಚ್ಚಿಯೇ ಬಿಟ್ಟೆ. ಬೆರಳ ತುದಿ ಬಿಟ್ಟು ಹೆಬ್ಬೆರಳಿನ ಮಾಂಸದಿಂದ ಮೀಟಿದೆ. ಆಂಟಿ ನನ್ನ ಹಿಂದೆ ನಿಂತು, ಚೆನ್ನಾಗಿದ್ದ ಕೈಯಿಂದ ಅಂಕಲ್‌ನ ಹೆಜ್ಜೆಯನ್ನು ನನ್ನ ಭುಜದ ಮೇಲೆ ತಟ್ಟುತ್ತಿದ್ದರು. ‘ಮೊದಲ ಹೆಜ್ಜಿ ಹಿಡಿ. ಬಿಡಬ್ಯಾಡ. ಹಾಂ... ಈಗ ಒಂದೀಟ ಹಿಂದ ಬೀಳು. ಗಡಿಬಿಡಿ ಮಾಡಬ್ಯಾಡ, ಅವರು ಬರ್ತಾರ.’ ಬಂದರು. ಕಾಲು ಸ್ವರಕ್ಕಾಗಿ ಕಾಯುವುದು ನನ್ನ ಕಣ್ಣಿಗೇ ಕಂಡಿತು. ಸೋಫಾ ಕಿರ್ ಎಂದಿತು. ಭುಜದ ಮೇಲಿನ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲಿನ ದಿನಗಳಲ್ಲಿ ತಟ್ಟುವ ಅಗತ್ಯವೂ ಬೀಳಲಿಲ್ಲ.

ಮಗಳು ಬಂದಳು. ನನ್ನದೇ ವಯಸ್ಸು, ನನಗಿಂತ ದಣಿದಿದ್ದಳು. ಸಂಜೆ ಮಹಡಿಯ ಮೆಟ್ಟಿಲ ಬಳಿ ಕೈಕಟ್ಟಿ ನಿಂತಳು. ನಾನು ಊಟದ ಕೋಣೆಯಲ್ಲಿ ಪೆಡಲುಗಳ ಮುಂದೆ ಕೂತಿದ್ದೆ, ಆಂಟಿ ನನ್ನ ಪಕ್ಕ. ಅಂಕಲ್ ಎದ್ದರು. ‘ಮನಿಯವರು ಬರೂದ್ರೊಳಗ...’ ಎಂದು ಶುರುಮಾಡಿದರು. ನಾನು ಹೆಜ್ಜೆ ಹಿಡಿದೆ. ಆ ಸಂಜೆ ನಾನು ನುಡಿಸಿದಷ್ಟು ಚೆನ್ನಾಗಿ ಮುಂಚೆಯೂ ನುಡಿಸಿಲ್ಲ, ಆಮೇಲೂ ಇಲ್ಲ. ಮೆಟ್ಟಿಲಿನ ಪೆಟ್ಟು ಎಲ್ಲೂ ಕೇಳಲಿಲ್ಲ. ಕಣ್ಣು ಮುಚ್ಚಿದರೆ ನನಗೇ ಆಂಟಿಯ ಕೈ ಎನ್ನಿಸುತ್ತಿತ್ತು. ಅಂಕಲ್ ನಿಧಾನವಾದರು, ಕೂತರು, ಮುಖ ಸಡಿಲವಾಯಿತು. ಮಗಳು ಕಟ್ಟಿದ್ದ ಕೈ ಬಿಟ್ಟಳು. ಆಂಟಿ ನನ್ನ ಬೆನ್ನು ಒಮ್ಮೆ ಸವರಿ, ಗೆದ್ದವರ ಹಾಗೆ ನಗುತ್ತ, ಗಂಡನ ಪಕ್ಕ ಕೂರಲೆಂದು ಹೊರಗೆ ಹೋದರು.

ಅಂಕಲ್ ಅವರನ್ನು ನೋಡಿ ಥಟ್ಟನೆ ಎದ್ದು ನಿಂತರು. ಕೈ ಮುಗಿದರು. ‘ಬರ್ರಿ, ಬರ್ರಿ. ಕೂಡ್ರಿ. ಒಳಗ ನಮ್ಮಾಕಿ ನುಡಸಾಕತ್ತಾಳ, ಈಗ ಬರ್ತಾಳ.’

ಆಂಟಿ ನಿಂತಲ್ಲೇ ನಿಂತರು. ತಿರುಗಿ ನನ್ನ ಕಡೆ ನೋಡಿದರು. ಆ ನೋಟದಲ್ಲಿದ್ದ ಭಯವನ್ನು, ಅಷ್ಟು ದಿನ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗಲೂ ನಾನು ಅವರಲ್ಲಿ ಕಂಡಿರಲಿಲ್ಲ. ನಿಲ್ಲಿಸಲೋ ಬೇಡವೋ ಗೊತ್ತಾಗದೆ ನುಡಿಸುತ್ತಲೇ ಇದ್ದೆ. ಆಂಟಿ ಎದುರಿನ ಕುರ್ಚಿಯ ತುದಿಯಲ್ಲಿ, ಪರರ ಮನೆಗೆ ಬಂದವರ ಹಾಗೆ, ಕೂತರು.

‘ನಿಮ್ಮ ಕೈಗೆ ಏನಾತ್ರಿ?’ ಅಂಕಲ್ ಕೇಳಿದರು.

‘ಐಸ್ ಮ್ಯಾಲ ಜಾರಿ ಬಿದ್ದೆರಿ.’

‘ಅಯ್ಯ, ಜ್ವಾಕಿರಿ. ಮನ್ಯಾಗ ನೋಡ್ಕೊಳ್ಳೋರು ಯಾರರೆ ಅದಾರೋ ಇಲ್ಲೋ?’

‘ಅದಾರ್ರಿ,’ ಎಂದರು ಆಂಟಿ.

ಮಗಳು ‘ಅಮ್ಮಾ, ಹಿ ಡಸಂಟ್...’ ಎಂದು ಶುರುಮಾಡಿ, ಬಾಯಿಗೆ ಕೈ ಅಡ್ಡ ಹಿಡಿದಳು. ಅಂಕಲ್‌ಗೆ ತೂಕಡಿಕೆ ಬರುವ ತನಕ ಆಂಟಿ ಆ ಕುರ್ಚಿಯಿಂದ ಕದಲಲಿಲ್ಲ. ಮಳೆ, ಚಳಿ, ಧಾರವಾಡದ ಪೇಢೆ ಎಂದು ಬಂದವರು ಆಡುವಂಥ ಮಾತು ಆಡುತ್ತ ಕೂತಿದ್ದರು. ಆಮೇಲೆ ಒಳಗೆ ಬಂದರು. ‘ಭಾಳ ಛಲೋ ನುಡಿಸಿದಿ ನೋಡವಾ,’ ಎಂದರು. ನಿಜವಾಗಿಯೇ ಹೇಳಿದರು, ಅದೇ ನನಗೆ ತಡೆಯಲಾಗದ್ದು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಮಗಳನ್ನು ಕರೆದು ನನ್ನೆದುರೇ ಕೈ ಮುರಿದದ್ದು ಹೇಗೆಂದು ಹೇಳಿದರು. ‘ಕರ್ಕೊಂಡು ನಡಿ,’ ಅಂದರು. ‘ನನ್ನೂ ಕರ್ಕೊಂಡು ನಡಿ. ಇವರಿಗೆ ಹೊರಗಿಂದ ಬಂದಾಕಿ ಆಗಿ ಇರೋದಾದ್ರ ಎಲ್ಲಿದ್ರೇನು.’

ವಸಂತ ಬರುವ ಮೊದಲೇ ಮನೆ ಖಾಲಿಯಾಯಿತು. ಅಂಕಲ್ ಆ ಮೆಮೊರಿ ಕೇರ್‌ಗೆ, ಆಂಟಿ ಮಗಳ ಮನೆಗೆ. ದಿನಾ ಮಧ್ಯಾಹ್ನ ಹೋಗಿ ಅವರ ಜೊತೆ ಕೂತು ಬರುತ್ತಿದ್ದರು. ಕೆಲವು ದಿನ ಅಂಕಲ್‌ಗೆ ಅವರು ಹೆಂಡತಿ, ಕೆಲವು ದಿನ ಯಾರೋ ಮಾತನಾಡಿಸಲು ಬಂದವರು. ಆಂಟಿಯ ಕೈ ಸೊಟ್ಟಗೆ ಕೂಡಿಕೊಂಡಿತು, ಬೇಸ್ ಮತ್ತೆ ಹಿಡಿಯಲಾಗಲಿಲ್ಲ. ನನಗೆ ಫೋನ್ ಮಾಡಿ ‘ಡಬ್ಬಿ ಆರಾಮ್ ಅದಾವೇನು?’ ಎಂದು ಕೇಳುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಅವರ ನಂಬರಿನಿಂದ ಮಗಳು ಮಾತಾಡಿದಳು. ಆಂಟಿ ನಿದ್ದೆಯಲ್ಲೇ ಹೋಗಿದ್ದರು, ಎದೆಬಡಿತ ನಿಂತು. ಅಂಕಲ್‌ಗೆ ಹೇಳಿಲ್ಲ. ಹೇಳಿದರೆ ಪ್ರತಿ ಸಂಜೆ ಹೊಸದಾಗಿ ಹೇಳಬೇಕಾಗುತ್ತದೆ, ಪ್ರತಿ ಸಂಜೆ ಅವರು ಹೊಸದಾಗಿ ಕೇಳಬೇಕಾಗುತ್ತದೆ.

ನಿನ್ನೆ ಮಗಳು ಅಂಕಲ್‌ನ ಕೋಣೆಯಿಂದ ವಿಡಿಯೊ ಕಾಲ್ ಮಾಡಿದಳು. ನನ್ನ ಕಡೆ ಕತ್ತಲಾಗಿತ್ತು, ಅವರ ಕಡೆ ಆಗಷ್ಟೇ ಹೊತ್ತು ಮುಳುಗುತ್ತಿತ್ತು. ಮೂರು ದಿನದಿಂದ ಅಪ್ಪ ಕೂತೇ ಇಲ್ಲ, ಬಾಗಿಲು ಬಡಿಯುತ್ತಾರೆ, ಒಂದು ಸಲ ನುಡಿಸುತ್ತೀಯಾ, ಪ್ಲೀಸ್, ಎಂದಳು. ಪೆಡಲುಗಳನ್ನು ಜೋಡಿಸಿದೆ. ಹೆಜ್ಜೆ ಹಿಡಿಯಲು ಆಗಲೇ ಇಲ್ಲ. ನನ್ನ ಸ್ವರ ಅಲ್ಲಿ ಮುಟ್ಟುವ ಹೊತ್ತಿಗೆ ಅವರ ಕಾಲು ಮುಂದಿರುತ್ತಿತ್ತು. ಕಣ್ಣಿಗೆ ಕಾಣುವುದನ್ನು ಬಿಟ್ಟು ಅಂದಾಜಿನ ಮೇಲೆ ನುಡಿಸಿದೆ, ಅವರು ಎಲ್ಲಿರಬಹುದು ಎಂದು ಊಹಿಸಿಕೊಂಡು. ಬಹಳ ಹೊತ್ತಾಯಿತು. ಕೊನೆಗೂ ಹಾಸಿಗೆಯ ಅಂಚಿಗೆ ಕೂತರು. ಬಹಳ ಸೊರಗಿದ್ದರು. ಸ್ವಲ್ಪ ಹೊತ್ತು ಕೇಳಿ, ಬಾಗಿಲ ಕಡೆ ತಿರುಗಿ ಕೂಗಿದರು.

‘ಸಾಕು ಬಾರ. ಎಷ್ಟೊತ್ತು ನುಡಸ್ತಿ? ಕೈ ನೋಯ್ತಾವ. ಬಂದು ಕೂಡು ಬಾ ಇಲ್ಲೆ.’

ಬಾಗಿಲನ್ನೇ ನೋಡುತ್ತ, ಹಾಸಿಗೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಮಗಳು ಮುಖ ಆಚೆ ತಿರುಗಿಸಿಕೊಂಡಳು. ನಾನು ನಿಲ್ಲಿಸಿದರೆ ಆ ಬಾಗಿಲಿನಿಂದ ಯಾರಾದರೂ ಬರಬೇಕಲ್ಲ... ಆಂಟಿ ಇಲ್ಲ. ಅದನ್ನು ನಾನು ಅಷ್ಟು ಗಟ್ಟಿಯಾಗಿ ಅಂದುಕೊಂಡದ್ದು ಆಗಲೇ. ಬೆರಳು ಉರಿಯುತ್ತಿತ್ತು. ಅವರು ಬಾಗಿಲು ನೋಡುತ್ತಲೇ ಇದ್ದರು, ನನಗೆ ನಿಲ್ಲಿಸಲು ಧೈರ್ಯ ಬರಲಿಲ್ಲ.